ತೀರ್ಪು ಬರೆದ ಕೈ ರಾಜಿಗೆ ಕೂತಾಗ: ಎಂವಿಸಿ ಕೇಸುಗಳ ಮಧ್ಯಸ್ಥಿಕೆ

ಎಂವಿಸಿ, ಅಂದರೆ ಮೋಟಾರು ವಾಹನ ಅಪಘಾತ ಪರಿಹಾರದ ಕೇಸಿಗೆ ಮಧ್ಯಸ್ಥಿಕೆದಾರರಾಗಿ ನಿವೃತ್ತ ನ್ಯಾಯಾಧೀಶರು ಬಂದರೆ ಎರಡೂ ಕಡೆಯ ವಕೀಲರಿಗೆ ಮೊದಲು ಸಮಾಧಾನ, ಆಮೇಲೆ ಸಣ್ಣ ಅಳುಕು. ಸಮಾಧಾನ ಯಾಕೆಂದರೆ ಮಲ್ಟಿಪ್ಲೈಯರ್ (ವರ್ಷದ ಆದಾಯವನ್ನು ವಯಸ್ಸಿಗೆ ತಕ್ಕಂತೆ ಗುಣಿಸುವ ಅಂಕಿ) ಅಂದರೇನು, ಡಿಸೆಬಿಲಿಟಿ ಎಷ್ಟು ಹಿಡಿಯುತ್ತಾರೆ ಎಂದು ಇವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಳುಕು ಯಾಕೆಂದರೆ ಹತ್ತಾರು ವರ್ಷ ತೀರ್ಪು ಬರೆದ ಕೈ ಸುಮ್ಮನೆ ಕೂರುವುದಿಲ್ಲ. ಫೈಲು ತೆರೆದ ಹತ್ತು ನಿಮಿಷಕ್ಕೆ ‘ಇದು ಏಳು ಲಕ್ಷದ ಕೇಸು’ ಎಂದು ಬಾಯಿಬಿಟ್ಟರೆ ಅಲ್ಲಿಗೆ ರಾಜಿ ಕೆಟ್ಟಂತೆ. ಗಾಯಾಳುವಿಗೆ ಆ ಏಳು ಲಕ್ಷ ಆಗಲೇ ಗೆದ್ದ ಹಣ, ಅಲ್ಲಿಂದ ಮೇಲಕ್ಕೆ ಮಾತ್ರ ಮಾತು. ವಿಮಾ ಕಂಪನಿಗೆ ಅದು ಗರಿಷ್ಠ ಮಿತಿ, ಅಲ್ಲಿಂದ ಕೆಳಕ್ಕೆ ಮಾತ್ರ ಮಾತು. ಇಬ್ಬರೂ ಒಪ್ಪಬಹುದಾಗಿದ್ದ ಅಂಕಿ ಬಹುಶಃ ಏಳೇ ಇದ್ದಿರಬಹುದು. ಆದರೆ ಅದು ಅವರದ್ದಾಗಿ ಬರಬೇಕಿತ್ತು.

ಹಾಗಾಗಿ ನ್ಯಾಯಾಧೀಶರ ಅನುಭವ ಈ ಕೆಲಸದಲ್ಲಿ ಎಲ್ಲಿ ಉಪಯೋಗಕ್ಕೆ ಬರುತ್ತದೆ, ಎಲ್ಲಿ ಅಡ್ಡ ಬರುತ್ತದೆ ಎಂಬುದನ್ನು ಬಿಡಿಸಿ ನೋಡುವುದು ಒಳ್ಳೆಯದು. ನನ್ನ ಅಭಿಪ್ರಾಯದಲ್ಲಿ ಆ ಅನುಭವ ಒಟ್ಟು ಮೊತ್ತ ಹೇಳುವುದಕ್ಕಲ್ಲ, ಮೊತ್ತವನ್ನು ಸಾಲು ಸಾಲಾಗಿ ಬಿಡಿಸಿ ಜಗಳ ನಿಜವಾಗಿ ಯಾವ ಸಾಲಿನಲ್ಲಿದೆ ಎಂದು ತೋರಿಸುವುದಕ್ಕೆ.

ಮೊದಲು ಕಾನೂನಿನ ಹಿನ್ನೆಲೆ, ಚುಟುಕಾಗಿ. ಕೋರ್ಟು ಕೇಸನ್ನು ಮಧ್ಯಸ್ಥಿಕೆಯಂಥ ರಾಜಿಯ ದಾರಿಗೆ ಕಳಿಸಬಹುದು ಎನ್ನುವ, ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 89 ಈಗಿನ ರೂಪದಲ್ಲಿ 2002ರ ಜುಲೈ 1ರಿಂದ ಜಾರಿಯಲ್ಲಿದೆ. ಮೋಟಾರು ಅಪಘಾತದ ಪರಿಹಾರದ ಕೇಸುಗಳು ರಾಜಿಗೆ ಒಗ್ಗುವ ಜಾತಿಯವು ಎಂದು ಸುಪ್ರೀಂ ಕೋರ್ಟ್ 2010ರ ಅಫ್ಕಾನ್ಸ್ ತೀರ್ಪಿನಲ್ಲಿ ಹೇಳಿತು. ಕರ್ನಾಟಕದಲ್ಲಿ ಮಧ್ಯಸ್ಥಿಕೆಗೆ 2005ರ ನಿಯಮಗಳಿವೆ. ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ 2007ರಲ್ಲಿ ಶುರುವಾಯಿತು. 2023ರಲ್ಲಿ ಸಂಸತ್ತು ಮಧ್ಯಸ್ಥಿಕೆಗೆಂದೇ ಪ್ರತ್ಯೇಕ ಕಾಯ್ದೆ ಮಾಡಿತು. ಅದರ ಎಲ್ಲ ಸೆಕ್ಷನ್‌ಗಳೂ ಒಟ್ಟಿಗೆ ಜಾರಿಗೆ ಬರಲಿಲ್ಲ, ಮೊದಲ ಕಂತು ಬಂದದ್ದು 2023ರ ಅಕ್ಟೋಬರ್ 9ರಂದು. ಆ ಕಾಯ್ದೆಯ ಸೆಕ್ಷನ್ 5ರಲ್ಲಿ ಅಪಘಾತದ ಕೇಸುಗಳಿಗೆಂದೇ ಒಂದು ಮಾತಿದೆ: ವಿಮಾ ಕಂಪನಿ ತಾನಾಗಿ ಮಾಡಬೇಕಾದ ಇತ್ಯರ್ಥ ಕುದುರದಿದ್ದರೆ, ಅಪಘಾತ ಪರಿಹಾರದ ಕೇಸು ನಡೆಸುವ ನ್ಯಾಯಮಂಡಳಿ ಅದನ್ನು ಮಧ್ಯಸ್ಥಿಕೆಗೆ ಕಳಿಸಬೇಕು. ಆ ‘ತಾನಾಗಿ ಮಾಡಬೇಕಾದ ಇತ್ಯರ್ಥ’ ಇರುವುದು ಮೋಟಾರು ವಾಹನ ಕಾಯ್ದೆಯ ಈಗಿನ ಸೆಕ್ಷನ್ 149ರಲ್ಲಿ. ಅಪಘಾತದ ಮಾಹಿತಿ ಸಿಕ್ಕ ಮೇಲೆ ಕಂಪನಿ ಒಬ್ಬ ಅಧಿಕಾರಿಯನ್ನು ಗೊತ್ತುಮಾಡಿ 30 ದಿನದೊಳಗೆ ಗಾಯಾಳುವಿಗೆ ಒಂದು ಮೊತ್ತ ಹೇಳಬೇಕು. ಕೇಸು ಮಧ್ಯಸ್ಥಿಕೆಗೆ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಆ ಮೊತ್ತ ಹೇಳಿದ್ದರೋ ಇಲ್ಲವೋ, ಹೇಳಿದ್ದರೆ ಯಾವ ಲೆಕ್ಕದ ಮೇಲೆ? ಎಷ್ಟೋ ಸಲ ಗಾಯಾಳುವಿಗೆ ಅಂಥದ್ದೊಂದು ಹಂತ ಇದೆ ಎಂಬುದೇ ಗೊತ್ತಿರುವುದಿಲ್ಲ.

ಲೋಕ ಅದಾಲತ್ತಿಗೂ ಇದಕ್ಕೂ ವ್ಯತ್ಯಾಸ ಏನು ಎಂದು ಬಹಳ ಜನ ಕೇಳುತ್ತಾರೆ. ಅದಾಲತ್ತಿನ ಅವಾರ್ಡಿಗೆ ಸಿವಿಲ್ ಡಿಕ್ರಿಯ ಬೆಲೆ ಇದೆ, ಅದರ ಮೇಲೆ ಅಪೀಲಿಲ್ಲ. ಆದರೆ ರಾಷ್ಟ್ರೀಯ ಅದಾಲತ್ತಿನ ದಿನ ಒಂದು ಮೇಜಿನ ಮುಂದೆ ಕೇಸುಗಳ ಸಾಲೇ ನಿಂತಿರುತ್ತದೆ, ಒಂದೊಂದಕ್ಕೆ ಸಿಗುವುದು ಕೆಲವೇ ನಿಮಿಷ. ಕಾಲಿನ ಮೂಳೆ ಮುರಿದು ಗುಣವಾದ ಸಾಧಾರಣ ಕೇಸಿಗೆ ಅಷ್ಟು ಸಾಕು. ತಲೆಗೆ ಪೆಟ್ಟು ಬಿದ್ದು ನೆನಪು ಮಂಕಾದವರು, ಕೈ ಕಳೆದುಕೊಂಡವರು, ಇಬ್ಬರು ವಾಹನ ಮಾಲೀಕರು ಒಬ್ಬರ ಮೇಲೊಬ್ಬರು ತಪ್ಪು ಹೊರಿಸುವ ಕೇಸು, ಇವಕ್ಕೆ ಕನಿಷ್ಠ ಎರಡು ಮೂರು ಬೈಠಕ್ ಬೇಕು. ಅವು ಮಧ್ಯಸ್ಥಿಕೆಗೆ ಬರಬೇಕಾದ ಕೇಸುಗಳು.

ಕೂರುವ ಮೊದಲೇ ಆಗಬೇಕಾದ ಕೆಲಸವೊಂದಿದೆ. ನಿವೃತ್ತ ನ್ಯಾಯಾಧೀಶರು ಈ ಕೇಸನ್ನು, ಇದೇ ಅಪಘಾತದ ಕ್ರಿಮಿನಲ್ ಕೇಸನ್ನು, ಅಥವಾ ಇದೇ ಅಪಘಾತದ ಮತ್ತೊಬ್ಬ ಗಾಯಾಳುವಿನ ಅರ್ಜಿಯನ್ನು ಎಂದಾದರೂ ನಡೆಸಿದ್ದರೆ ಪಕ್ಕಕ್ಕೆ ಸರಿಯಬೇಕು. ಕಂಪನಿಯ ಪ್ಯಾನಲ್ ವಕೀಲರು ತಮ್ಮ ಮುಂದೆ ವರ್ಷಗಟ್ಟಲೆ ವಾದಿಸಿದವರೇ ಆಗಿದ್ದರೆ ಅದನ್ನು ಮುಚ್ಚಿಡದೆ ಗಾಯಾಳುವಿನ ಎದುರೇ ಹೇಳಬೇಕು. ನಿವೃತ್ತಿಯ ನಂತರ ಆ ಕಂಪನಿಗೆ ಕಾನೂನು ಅಭಿಪ್ರಾಯ ಬರೆದುಕೊಟ್ಟಿದ್ದರೂ ಅಷ್ಟೇ. ಇದು ಶಿಷ್ಟಾಚಾರದ ಮಾತಲ್ಲ. ವಕೀಲರು ‘ಗುಡ್ ಮಾರ್ನಿಂಗ್ ಸರ್, ಹೇಗಿದ್ದೀರಿ’ ಎಂದು ನಗುತ್ತಾ ಕೈಕುಲುಕುವುದನ್ನು ಊರುಗೋಲು ಹಿಡಿದು ಮೂಲೆಯಲ್ಲಿ ಕೂತವರು ನೋಡುತ್ತಿರುತ್ತಾರೆ. ಅಲ್ಲಿ ಹುಟ್ಟಿದ ಅನುಮಾನ ಎಷ್ಟು ಲಕ್ಷ ಕೊಟ್ಟರೂ ಹೋಗುವುದಿಲ್ಲ.

ಕಾಗದಪತ್ರಗಳ ಪಟ್ಟಿ ಎಲ್ಲರಿಗೂ ಗೊತ್ತಿರುವುದೇ: ಎಫ್‌ಐಆರ್, ದೂರು, ಸ್ಥಳ ಮಹಜರು, ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ, ವೂಂಡ್ ಸರ್ಟಿಫಿಕೇಟ್, ದೋಷಾರೋಪ ಪಟ್ಟಿ, ಡಿಸ್ಚಾರ್ಜ್ ಸಮರಿ, ಬಿಲ್ಲುಗಳು, ಎಕ್ಸ್‌ರೇ, ಪಾಲಿಸಿ, ಆರ್‌ಸಿ, ಡಿಎಲ್. 2022ರ ಏಪ್ರಿಲ್ 1ರಿಂದ ಬಂದ ನಿಯಮದ ಪ್ರಕಾರ ತನಿಖಾಧಿಕಾರಿ 48 ಗಂಟೆಯೊಳಗೆ ಮೊದಲ ಅಪಘಾತ ವರದಿ, 50 ದಿನದೊಳಗೆ ಮಧ್ಯಂತರ ವರದಿ, 90 ದಿನದೊಳಗೆ ವಿವರವಾದ ವರದಿ ನ್ಯಾಯಮಂಡಳಿಗೆ ಕೊಡಬೇಕು. ಅವು ಬಂದಿದ್ದರೆ ಅರ್ಧ ಕೆಲಸ ಹಗುರ. ಅನುಭವಸ್ಥರ ಕಣ್ಣು ಮೊದಲು ಹೋಗುವುದು ಮಾತ್ರ ಈ ಯಾವುದರ ಮೇಲೂ ಅಲ್ಲ, ಆಸ್ಪತ್ರೆಗೆ ಸೇರಿಸಿದ ಹೊತ್ತಿನಲ್ಲಿ, ಪೊಲೀಸರಿಗೆ ತಿಳಿಸಬೇಕಾದ ಗಾಯ ಎಂದು ಬರೆದ ಎಂಎಲ್‌ಸಿ ದಾಖಲೆಯ ಮೇಲೆ. ಅದರಲ್ಲಿ ‘ಬೈಕಿನಿಂದ ಬಿದ್ದು ಗಾಯ’ ಎಂದಿದ್ದು, ವಾರದ ಮೇಲೆ ಕೊಟ್ಟ ದೂರಿನಲ್ಲಿ ‘ಹಿಂದಿನಿಂದ ಕಾರು ಡಿಕ್ಕಿ’ ಎಂದಿದ್ದರೆ ಕಂಪನಿಯವರು ಮೊತ್ತದ ಮಾತಿಗೇ ಇಳಿಯುವುದಿಲ್ಲ. ವಾಹನವನ್ನು ಆಮೇಲೆ ಸೇರಿಸಿದ್ದಾರೆ ಎಂಬುದೇ ಅವರ ಪಟ್ಟು. ಕೆಲವೊಮ್ಮೆ ಅದು ನಿಜ. ಕೆಲವೊಮ್ಮೆ ಗಾಯಾಳು ಪ್ರಜ್ಞೆ ತಪ್ಪಿದ್ದು, ಕರೆತಂದ ದಾರಿಹೋಕರು ಕಂಡಷ್ಟು ಹೇಳಿ ಹೋಗಿರುತ್ತಾರೆ. ಯಾರು ಕರೆತಂದರು, ಯಾರು ಹೇಳಿದ್ದನ್ನು ಬರೆದರು ಎಂಬುದು ಅದೇ ಕಾಗದದಲ್ಲಿ ಇರುತ್ತದೆ. ಇದನ್ನು ಜಂಟಿ ಬೈಠಕ್ಕಿನಲ್ಲಿ ಎತ್ತಬಾರದು. ಎತ್ತಿದರೆ ಗಾಯಾಳುವಿಗೆ ‘ನನ್ನನ್ನು ಕಳ್ಳ ಅಂತಿದ್ದಾರೆ’ ಎಂದೇ ಕೇಳಿಸುತ್ತದೆ. ಬೇರೆ ಬೇರೆಯಾಗಿ ಕೂರಿಸಿ ಮಾತಾಡುವಾಗ ಕೇಳಬೇಕು.

ಕೋಣೆಯ ವಿಚಾರ ಸಣ್ಣದು, ಆದರೆ ನ್ಯಾಯಾಧೀಶರಾಗಿದ್ದವರಿಗೆ ಕಷ್ಟದ್ದು. ದುಂಡು ಮೇಜು ಇರಲಿ, ಎತ್ತರದ ಕುರ್ಚಿ ಬೇಡ. ಗಾಯಾಳು ಮಧ್ಯಸ್ಥಿಕೆದಾರರ ಪಕ್ಕ, ವಕೀಲರು ಅವರ ಆಚೆ. ಕೋರ್ಟಿನಲ್ಲಿ ವಕೀಲರ ಹಿಂದೆ ನಿಂತು ಅಭ್ಯಾಸವಾದವರನ್ನು ಮುಂದೆ ಕೂರಿಸಿದಾಗಲೇ ಇಲ್ಲಿ ಬೇರೆ ಕೆಲಸ ನಡೆಯುತ್ತದೆ ಎಂದು ಅವರಿಗೆ ಗೊತ್ತಾಗುವುದು. ‘ಸ್ವಾಮಿ, ತಾವು ಏನು ಹೇಳಿದರೂ ಸರಿ’ ಎಂದು ಕೈಮುಗಿದವರಿಗೆ ‘ಇಲ್ಲಮ್ಮ, ನಾನು ಇಲ್ಲಿ ಏನೂ ಹೇಳುವ ಹಾಗಿಲ್ಲ, ಹೇಳಬೇಕಾದವರು ನೀವು’ ಎಂದು ಉತ್ತರಿಸುವುದು ವೇದಿಕೆಯಿಂದ ಇಳಿದುಬಂದವರಿಗೆ ಸುಲಭವಲ್ಲ. ಮೊದಲ ಮಾತಿನಲ್ಲಿ ಮೂರು ವಿಷಯ ಬರಬೇಕು. ಇಲ್ಲಿ ಆಡಿದ ಮಾತು ಕೋರ್ಟಿಗೆ ಹೋಗುವುದಿಲ್ಲ. ಒಪ್ಪದಿದ್ದರೆ ಯಾರಿಗೂ ನಷ್ಟವಿಲ್ಲ, ಕೇಸು ಇದ್ದಲ್ಲಿಂದ ಮುಂದುವರಿಯುತ್ತದೆ. ಒಪ್ಪಿ ಸಹಿ ಹಾಕಿದರೆ ಮತ್ತೆ ಅಪೀಲಿನ ಮಾತಿಲ್ಲ. ಮೂರನೆಯದನ್ನು ಗಾಯಾಳುವಿನ ಭಾಷೆಯಲ್ಲಿ, ಅವರು ತಿರುಗಿ ಹೇಳುವಂತೆ ವಿವರಿಸಬೇಕು. ಆರು ತಿಂಗಳಾದ ಮೇಲೆ ಕಾಲಿನ ರಾಡ್ ತೆಗೆಸಲು ಖರ್ಚಾಯಿತು, ಕೊಡಿಸಿ ಎಂದು ಬರುವವರು ಆಗ ಇದನ್ನು ಸರಿಯಾಗಿ ಕೇಳಿಸಿಕೊಳ್ಳದವರು.

ಈಗ ಲೆಕ್ಕ. ರಾಜಿ ಕುದುರುವುದೂ ಮುರಿಯುವುದೂ ಇಲ್ಲೇ, ಹಾಗಾಗಿ ಸ್ವಲ್ಪ ವಿವರವಾಗಿಯೇ ನೋಡೋಣ.

ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳಿ. 34 ವರ್ಷದ ಗಾರೆ ಕೆಲಸದವರು, ಬಲಗಾಲಿನ ಮೊಣಕಾಲ ಕೆಳಗಿನ ಎರಡೂ ಮೂಳೆ ಮುರಿದು ರಾಡ್ ಹಾಕಿದ್ದಾರೆ. ಸಂಬಳದ ಚೀಟಿ ಇಲ್ಲ. ಇಂಥವರಿಗೆ ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಪಟ್ಟಿ ಹಿಡಿಯುವುದು ರೂಢಿ. ಅಪಘಾತವಾದ ವರ್ಷಕ್ಕೆ ಇಷ್ಟು ಎಂದು ತಿಂಗಳ ಆದಾಯ ಅದರಲ್ಲಿದೆ. ಲೆಕ್ಕ ಸರಳವಾಗಲಿ ಎಂದು ನಾವು 15,000 ಹಿಡಿಯೋಣ. ವೈದ್ಯರು ಕಾಲಿಗೆ 36% ವೈಕಲ್ಯ ಎಂದಿದ್ದಾರೆ. ನಮ್ಮ ನ್ಯಾಯಮಂಡಳಿಗಳಲ್ಲಿ ಒಂದು ಅಂಗದ ವೈಕಲ್ಯದ ಮೂರನೇ ಒಂದು ಪಾಲನ್ನು ಇಡೀ ದೇಹದ ವೈಕಲ್ಯ ಎಂದು ಹಿಡಿಯುವ ಅಭ್ಯಾಸ ಬಹಳ ಹಳೆಯದು, ಹಾಗೆ ನೋಡಿದರೆ 12%. ಸುಪ್ರೀಂ ಕೋರ್ಟಿನ ಸರಳಾ ವರ್ಮಾ ತೀರ್ಪಿನ ಪಟ್ಟಿಯಲ್ಲಿ 31ರಿಂದ 35 ವಯಸ್ಸಿಗೆ ಮಲ್ಟಿಪ್ಲೈಯರ್ 16. ತಿಂಗಳಿಗೆ 15,000, ವರ್ಷಕ್ಕೆ 1,80,000, ಅದಕ್ಕೆ 16ರ ಗುಣಾಕಾರ 28,80,000, ಅದರ 12% ಎಂದರೆ 3,45,600. ಇದು ಮುಂದಿನ ಆದಾಯದ ನಷ್ಟ.

ಆದರೆ ಗಾಯಾಳುವಿನ ವಕೀಲರು ಈ 12% ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. 2010ರ ರಾಜ್‌ಕುಮಾರ್ ತೀರ್ಪು ಹೇಳಿದ್ದೇ ಇದನ್ನು: ದೇಹಕ್ಕೆ ಆದ ವೈಕಲ್ಯ ಬೇರೆ, ಅದರಿಂದ ದುಡಿಮೆಗೆ ಆದ ಪೆಟ್ಟು ಬೇರೆ. ಕಾಲು ಮಡಚಲು ಬಾರದ ಗುಮಾಸ್ತರು ಕುರ್ಚಿಯ ಮೇಲೆ ಕೂತು ಅದೇ ಸಂಬಳ ಎಣಿಸಬಹುದು. ಸಾರುವೆ ಹತ್ತಿ ಸಿಮೆಂಟು ಬಾಣಲೆ ಎತ್ತಬೇಕಾದವರಿಗೆ ಅದೇ ಕಾಲು ಜೀವನವನ್ನೇ ಬದಲಿಸುತ್ತದೆ. ಅವರು 20% ಕೇಳುತ್ತಾರೆ. ಜೊತೆಗೆ ಭವಿಷ್ಯದಲ್ಲಿ ಆದಾಯ ಏರುತ್ತಿತ್ತು ಎಂದು 40% ಸೇರಿಸಿ ಎನ್ನುತ್ತಾರೆ. 2017ರ ಪ್ರಣಯ್ ಸೇಠಿ ತೀರ್ಪಿನಲ್ಲಿ 40ಕ್ಕಿಂತ ಕಡಿಮೆ ವಯಸ್ಸಿನ ಸ್ವಂತ ದುಡಿಮೆಯವರಿಗೆ ಇರುವ ದರ ಅದು. ಗಾಯದ ಕೇಸುಗಳಿಗೂ ಅದು ಸಲ್ಲುತ್ತದೆ ಎಂದು 2020ರ ಪಪ್ಪು ದೇವ್ ಯಾದವ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಮಾಡಿದೆ. ಅವರ ಲೆಕ್ಕ 8,06,400ಕ್ಕೆ ಮುಟ್ಟುತ್ತದೆ. ಕಂಪನಿಯವರು ತಮ್ಮ ವೈದ್ಯರನ್ನು ಕೇಳಿ 8% ಎನ್ನುತ್ತಾರೆ, ಮೂಳೆ ಕೂಡಿದೆಯಲ್ಲ, ಭವಿಷ್ಯದ ಏರಿಕೆ ಯಾಕೆ ಎನ್ನುತ್ತಾರೆ. ಅವರದ್ದು 2,30,400.

ಉಳಿದ ಬಾಬ್ತುಗಳು ಹೀಗೆ. ಆಸ್ಪತ್ರೆ ಬಿಲ್ಲು 1,40,000, ಕೆಲಸಕ್ಕೆ ಹೋಗದ 4 ತಿಂಗಳಿಗೆ 60,000, ನೋವಿಗೆ 50,000, ಜೀವನದ ಸುಖ ತಪ್ಪಿದ್ದಕ್ಕೆ 40,000, ಪೌಷ್ಟಿಕ ಆಹಾರ, ಓಡಾಟ, ನೋಡಿಕೊಳ್ಳುವವರ ಖರ್ಚು 25,000, ರಾಡ್ ತೆಗೆಸಲು 30,000. ಇದು ಗಾಯಾಳುವಿನ ಪಟ್ಟಿ, ಒಟ್ಟು 3,45,000. ಕಂಪನಿಯವರು ಒಂದೊಂದರಲ್ಲೂ ಸ್ವಲ್ಪ ಸ್ವಲ್ಪ ಕತ್ತರಿಸಿ 2,65,000ಕ್ಕೆ ತರುತ್ತಾರೆ. ಈಗ ಎರಡೂ ಕಡೆಯ ಒಟ್ಟು ಮೊತ್ತ ನೋಡಿ: ಒಬ್ಬರದು 11,51,400, ಇನ್ನೊಬ್ಬರದು 4,95,400. ಮಧ್ಯೆ 6,56,000 ರೂಪಾಯಿಯ ಕಂದಕ. ‘ಇಬ್ಬರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡಿ, ಎಂಟಕ್ಕೆ ಮುಗಿಸಿ’ ಎನ್ನುವುದು ಸಂತೆಯ ವ್ಯಾಪಾರ, ಕಂಪನಿಯ ಅಧಿಕಾರಿ ಅದನ್ನು ತನ್ನ ಮೇಲಿನವರಿಗೆ ಬರೆದು ವಿವರಿಸಲಾರರು. ಲೆಕ್ಕವನ್ನು ಎರಡು ಕಾಲಮಿನಲ್ಲಿ ಬರೆದಾಗ ಬೇರೆಯದೇ ಕಾಣುತ್ತದೆ. 6,56,000ದಲ್ಲಿ 5,76,000 ಇರುವುದು ಒಂದೇ ಸಾಲಿನಲ್ಲಿ. ಉಳಿದ ಆರು ಸಾಲಿನ ಜಗಳವೆಲ್ಲ ಸೇರಿ ಬರೀ 80,000.

ಅನುಭವ ಕೆಲಸ ಮಾಡಬೇಕಾದದ್ದು ಇಲ್ಲಿ. ಬಿಲ್ಲಿನ ಹತ್ತು ಸಾವಿರಕ್ಕೆ ಅರ್ಧ ದಿನ ಕಳೆಯುವ ಬದಲು ಆ ಒಂದು ಸಾಲಿನ ಮೇಲೆ ಕೂರಬೇಕು. ಗಾಯಾಳು ಈಗ ಏನು ಕೆಲಸ ಮಾಡುತ್ತಿದ್ದಾರೆ? ಅಪಘಾತದ ನಂತರ ಸಾರುವೆ ಹತ್ತಿದ್ದಾರೆಯೇ, ಅಥವಾ ಕೆಳಗೆ ನಿಂತು ಕಲಸು ಕಲಸುವ ಆಳಾಗಿದ್ದಾರೆಯೇ? ಕೂಲಿ ಎಷ್ಟು ಇಳಿಯಿತು? ಮೇಸ್ತ್ರಿಯನ್ನು ಕರೆಸಬಹುದೇ? ವೈಕಲ್ಯ ಹೇಳಿದ ವೈದ್ಯರು ಚಿಕಿತ್ಸೆ ಕೊಟ್ಟವರೇ, ಅಥವಾ ಕೇಸಿಗಾಗಿ ಒಮ್ಮೆ ನೋಡಿ ಬರೆದುಕೊಟ್ಟವರೇ? ನ್ಯಾಯಮಂಡಳಿಯಲ್ಲಿ ಎರಡನೆಯವರ ಮಾತಿಗೆ ಬೆಲೆ ಕಡಿಮೆ, ಪಾಟಿ ಸವಾಲಿನಲ್ಲಿ ‘ನಾನು ಚಿಕಿತ್ಸೆ ಕೊಟ್ಟಿಲ್ಲ’ ಎಂಬ ಒಂದು ವಾಕ್ಯ ಸಾಕು. ಹಾಗೆಯೇ ಕಂಪನಿಯ ವೈದ್ಯರು ಗಾಯಾಳುವನ್ನು ಮುಟ್ಟಿಯೂ ನೋಡದೆ ಎಕ್ಸ್‌ರೇ ಮೇಲೆ 8% ಬರೆದಿದ್ದರೆ ಅದೂ ನಿಲ್ಲುವುದಿಲ್ಲ. ಇಬ್ಬರಿಗೂ ಅವರವರ ಕೋಣೆಯಲ್ಲಿ ಅವರವರ ಕಾಗದದ ದುರ್ಬಲ ಜಾಗ ತೋರಿಸಬೇಕು. ತೋರಿಸುವ ಬಗೆ ಪ್ರಶ್ನೆಯಾಗಿರಲಿ: ‘ಈ ವೈದ್ಯರನ್ನು ಪಾಟಿ ಸವಾಲಿಗೆ ನಿಲ್ಲಿಸಿದರೆ ಏನಾಗುತ್ತದೆ ಅನ್ನಿಸುತ್ತದೆ?’ ಉತ್ತರ ನ್ಯಾಯಾಧೀಶರಿಗೆ ಚೆನ್ನಾಗಿ ಗೊತ್ತು. ಆದರೂ ವಕೀಲರ ಬಾಯಿಂದಲೇ ಬರಲಿ.

ತಾವಾಗಿ ಅಂಕಿ ಹೇಳುವುದನ್ನು ಪೂರ್ತಿ ಬಿಡಬೇಕೇ? ಹಾಗೇನಿಲ್ಲ. ಎರಡೂ ಕಡೆ ದಣಿದು, ಅಂತರ ಕಿರಿದಾಗಿ, ಇಬ್ಬರೂ ‘ಸರ್, ನೀವೇ ಹೇಳಿ’ ಎಂದಾಗ ಒಂದು ವ್ಯಾಪ್ತಿ ಹೇಳಬಹುದು. ‘ನ್ಯಾಯಮಂಡಳಿಗಳು ಇಂಥ ವೈಕಲ್ಯವನ್ನು 12ರಿಂದ 18%ವರೆಗೆ ಹಿಡಿದದ್ದುಂಟು’ ಎನ್ನಬಹುದು. ‘ನಾನಾಗಿದ್ದರೆ 15 ಕೊಡುತ್ತಿದ್ದೆ’ ಎನ್ನಬಾರದು. ಎರಡೂ ಒಂದೇ ಎನಿಸಬಹುದು. ಮೊದಲನೆಯದರಲ್ಲಿ ಆಯ್ಕೆ ಅವರಿಗೆ ಉಳಿಯುತ್ತದೆ, ಎರಡನೆಯದು ತೀರ್ಪು.

ಬಡ್ಡಿಯ ವಿಚಾರ ಬಹಳ ಸಲ ಕೊನೆಯ ಗಳಿಗೆಯಲ್ಲಿ ಕಾಲಿಗೆ ತೊಡಕುತ್ತದೆ. ಕರ್ನಾಟಕದಲ್ಲಿ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ ವರ್ಷಕ್ಕೆ 6% ಬಡ್ಡಿ ಕೊಡುತ್ತಾರೆ, ಮುಂದೆ ಆಗಬೇಕಾದ ಚಿಕಿತ್ಸೆಯ ಮೊತ್ತಕ್ಕೆ ಬಡ್ಡಿ ಇಲ್ಲ. ಮೇಲಿನ ಉದಾಹರಣೆಯಲ್ಲಿ 12% ವೈಕಲ್ಯಕ್ಕೆ, ಭವಿಷ್ಯದ ಏರಿಕೆ ಸೇರಿಸದೆ, ಒಟ್ಟು 6,90,600 ಎಂದಿಟ್ಟುಕೊಂಡರೆ ಎರಡು ವರ್ಷಕ್ಕೆ 79,272 ಬಡ್ಡಿ ಆಗುತ್ತದೆ. ಕಂಪನಿಯವರು ಹೇಳುವ ಅಂಕಿ ‘ಎಲ್ಲ ಸೇರಿ’, ಗಾಯಾಳುವಿನ ವಕೀಲರು ಕೇಳಿಸಿಕೊಂಡದ್ದು ‘ಬಡ್ಡಿ ಬೇರೆ’. ಮೂರು ಗಂಟೆ ಮಾತಾಡಿ ಕೈಕುಲುಕಿದ ಮೇಲೆ ಒಪ್ಪಂದ ಟೈಪು ಮಾಡುವಾಗ ಇದು ಗೊತ್ತಾದರೆ ಮೊದಲಿಂದ ಶುರು ಮಾಡಬೇಕು, ಅದೂ ಸಿಟ್ಟಿನಲ್ಲಿ. ಹಾಗಾಗಿ ಮೊದಲ ಅಂಕಿ ಕಾಗದದ ಮೇಲೆ ಬೀಳುವ ಮುಂಚೆಯೇ ಕೇಳಿಬಿಡಬೇಕು: ಬಡ್ಡಿ ಒಳಗೋ ಹೊರಗೋ?

ಸಾವಿನ ಕೇಸಿನಲ್ಲಿ ಲೆಕ್ಕ ಹೆಚ್ಚು ಬಿಗಿ, ಹಾಗಾಗಿ ಮಾತಿನ ಜಾಗ ಚಿಕ್ಕದು. ಅವಲಂಬಿತರು 2–3 ಇದ್ದರೆ ಮೂರನೇ ಒಂದು, 4ರಿಂದ 6 ಇದ್ದರೆ ನಾಲ್ಕನೇ ಒಂದು ಭಾಗ ಮೃತರ ಸ್ವಂತ ಖರ್ಚು ಎಂದು ಕಳೆಯುತ್ತಾರೆ. ಅವಿವಾಹಿತರಾದರೆ ಅರ್ಧ. 42 ವರ್ಷದ, ತಿಂಗಳಿಗೆ 15,000 ಸ್ವಂತ ದುಡಿಮೆಯ, ಹೆಂಡತಿ, ಇಬ್ಬರು ಮಕ್ಕಳು, ತಾಯಿ ಇರುವವರಾದರೆ 25% ಏರಿಕೆ ಸೇರಿಸಿ, ಕಾಲು ಭಾಗ ಕಳೆದು, ಆ ವಯಸ್ಸಿನ ಮಲ್ಟಿಪ್ಲೈಯರ್ 14ರಿಂದ ಗುಣಿಸಿದರೆ 23,62,500. ಒಡನಾಟ ತಪ್ಪಿದ್ದಕ್ಕೆ ಹೆಂಡತಿ, ಮಕ್ಕಳು, ತಾಯಿಗೆ ತಲಾ 40,000, ಅಂತ್ಯಕ್ರಿಯೆಗೆ 15,000, ಮೃತರು ಕೂಡಿಡಬಹುದಾಗಿದ್ದ ಆಸ್ತಿಯ ನಷ್ಟಕ್ಕೆ 15,000 ಸೇರುತ್ತದೆ, ಈ ಮೂರಕ್ಕೂ ಮೂರು ವರ್ಷಕ್ಕೊಮ್ಮೆ 10% ಏರಿಕೆ ಉಂಟು. ಇಲ್ಲಿ ಜಗಳವಿರುವುದು ಆದಾಯದಲ್ಲಿ ಮಾತ್ರ. ಕಂಪನಿ 15,000ದ ಬದಲು 12,000 ಎಂದರೆ ಮೊತ್ತ 18,90,000ಕ್ಕೆ ಇಳಿಯುತ್ತದೆ. ತಿಂಗಳಿಗೆ 3,000 ರೂಪಾಯಿಯ ಭಿನ್ನಾಭಿಪ್ರಾಯ ಕೊನೆಯಲ್ಲಿ 4,72,500 ಆಗಿ ನಿಲ್ಲುತ್ತದೆ. ಅಂಗಡಿಯ ಲೈಸೆನ್ಸ್, ಬ್ಯಾಂಕ್ ಪಾಸ್‌ಬುಕ್, ಸಂಘದ ಸಾಲದ ಕಂತು ಕಟ್ಟಿದ ಪುಸ್ತಕ, ಮಕ್ಕಳ ಶಾಲೆಯ ಫೀಸು ರಸೀದಿ, ಇವನ್ನು ಹುಡುಕಿಸಿ ತರಿಸುವುದಕ್ಕೆ ಒಂದು ವಾರ ಗಡುವು ಕೊಟ್ಟರೂ ನಷ್ಟವಿಲ್ಲ.

ವಿಮಾ ಕಂಪನಿಯಿಂದ ಯಾರು ಬಂದಿದ್ದಾರೆ ಎಂಬುದನ್ನು ಬಹಳ ಜನ ಕಡೆಗಣಿಸುತ್ತಾರೆ. ವಕೀಲರು ಮಾತ್ರ ಬಂದು ‘ಸೂಚನೆ ಪಡೆಯುತ್ತೇನೆ ಸರ್’ ಎಂದರೆ ಆ ದಿನ ವ್ಯರ್ಥ. ಅಧಿಕಾರಿ ಬಂದಿದ್ದರೂ ಅವರಿಗೆ ಒಂದು ಮಿತಿ ಇರುತ್ತದೆ, ಅದರ ಮೇಲಿನ ಮೊತ್ತಕ್ಕೆ ವಿಭಾಗೀಯ ಅಥವಾ ಪ್ರಾದೇಶಿಕ ಕಚೇರಿಯ ಒಪ್ಪಿಗೆ ಬೇಕು. ಆ ಮಿತಿ ಎಷ್ಟೆಂದು ಕೇಳಬಾರದು, ಹೇಳುವುದೂ ಇಲ್ಲ. ‘ಇವತ್ತು ನಿಮ್ಮ ಕೈಮೀರಿದ ಮೊತ್ತ ಬಂದರೆ ಯಾರಿಗೆ ಫೋನು ಮಾಡುತ್ತೀರಿ, ಅವರು ಎಷ್ಟು ಹೊತ್ತಿನವರೆಗೆ ಸಿಗುತ್ತಾರೆ’ ಎಂದು ಕೇಳಬಹುದು. ಆ ಅಧಿಕಾರಿಗೆ ಹಣಕ್ಕಿಂತ ಹೆಚ್ಚಾಗಿ ಬೇಕಾಗಿರುವುದು ಫೈಲಿನಲ್ಲಿ ಬರೆಯಲು ಒಂದು ಕಾರಣ. ಆಡಿಟ್‌ನಲ್ಲಿ ‘ಯಾಕೆ 15% ಒಪ್ಪಿದಿರಿ’ ಎಂದು ಕೇಳಿದರೆ ತೋರಿಸಲು ಒಂದು ತೀರ್ಪು, ಒಂದು ವೈದ್ಯಕೀಯ ದಾಖಲೆ, ಮೇಸ್ತ್ರಿಯ ಒಂದು ಪತ್ರ. ಎರಡು ಕಾಲಮಿನ ಆ ಹಾಳೆ ಅವರಿಗೆ ನಿಜವಾಗಿ ಉಪಕಾರ ಮಾಡುವುದು ಇಲ್ಲೇ. ಸಾರಿಗೆ ನಿಗಮದ ಬಸ್ಸಾದರೆ ಹೊರಗಿನ ವಿಮಾ ಕಂಪನಿಯೇ ಇಲ್ಲದಿರಬಹುದು, ನಿಗಮವೇ ತನ್ನ ನಿಧಿಯಿಂದ ಕೊಡಬೇಕು. ಆಗ ಮೊತ್ತಕ್ಕಿಂತ ಎಷ್ಟು ದಿನದಲ್ಲಿ ಕೊಡುತ್ತೀರಿ ಎಂಬುದೇ ದೊಡ್ಡ ಪ್ರಶ್ನೆ.

ಹೊಣೆಯ ತಕರಾರಿದ್ದರೆ ಮೊತ್ತಕ್ಕೆ ಮುಂಚೆ ಅದು ಬಗೆಹರಿಯಬೇಕು. ಲಘು ವಾಹನದ ಡಿಎಲ್ ಇಟ್ಟುಕೊಂಡು ಸಣ್ಣ ಸರಕು ವಾಹನ ಓಡಿಸಿದ್ದಾರೆ ಎಂಬ ಹಳೆಯ ತಕರಾರು, ವಾಹನದ ತೂಕ 7,500 ಕಿಲೋ ಒಳಗಿದ್ದರೆ, ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ 2024ರ ನವೆಂಬರ್ ತೀರ್ಪಿನ ಬಳಿಕ ಬಹುತೇಕ ಸತ್ತಿದೆ. ಇನ್ನೂ ಅದನ್ನೇ ಎಳೆಯುವವರಿಗೆ ತೀರ್ಪಿನ ಪ್ರತಿ ಮುಂದಿಟ್ಟರೆ ಸಾಕು. ಬೈಕಿನಲ್ಲಿ ಮೂವರು ಕೂತಿದ್ದರು, ಆದ್ದರಿಂದ 25% ಕಡಿತ ಎಂಬ ವಾದವೂ ತಾನಾಗಿ ನಿಲ್ಲುವುದಿಲ್ಲ. ಮೂವರು ಕೂತದ್ದಕ್ಕೂ ಅಪಘಾತಕ್ಕೂ, ಅಥವಾ ಗಾಯಕ್ಕೂ ಸಂಬಂಧ ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ನಿಜವಾದ ಕಗ್ಗಂಟು ಡಿಎಲ್ಲೇ ಇಲ್ಲದ ಚಾಲಕರ ಕೇಸು. ಅಲ್ಲಿ ಕಂಪನಿ ಮೊದಲು ಗಾಯಾಳುವಿಗೆ ಕೊಟ್ಟು ಆಮೇಲೆ ಮಾಲೀಕರಿಂದ ವಸೂಲಿ ಮಾಡುವ ಆದೇಶ ಬಯಸುತ್ತದೆ. ಮಾಲೀಕರು ಮಧ್ಯಸ್ಥಿಕೆಗೆ ಬಂದಿರುವುದೇ ಇಲ್ಲ. ಬಾರದವರ ತಲೆಯ ಮೇಲೆ ಸಾಲ ಹೊರಿಸುವ ಸಾಲೊಂದನ್ನು ಒಪ್ಪಂದದಲ್ಲಿ ಸೇರಿಸಿ ಎಂದು ಕಂಪನಿಯವರು ಕೇಳಿದರೆ ಖಡಾಖಂಡಿತವಾಗಿ ಬೇಡ ಎನ್ನಬೇಕು, ಸಹಿ ಹಾಕದವರನ್ನು ರಾಜಿ ಕಟ್ಟಿಹಾಕುವುದಿಲ್ಲ. ಮಾಲೀಕರನ್ನು ಕರೆಸಬೇಕು, ಇಲ್ಲವೇ ಕಂಪನಿ ಆ ಹಕ್ಕು ಬಿಟ್ಟು ಒಟ್ಟು ಮೊತ್ತದಲ್ಲಿ ಅದಕ್ಕೆ ತಕ್ಕ ರಿಯಾಯಿತಿ ಕೇಳಬಹುದು. ಎರಡೂ ಆಗದಿದ್ದರೆ ಕೇಸು ವಾಪಸು ಹೋಗುವುದೇ ಸರಿ.

ಒಪ್ಪಂದ ಬರೆಯುವಾಗ ಆತುರ ಬೇಡ, ಗಾಯಾಳುವಿಗೆ ಊರಿನ ಬಸ್ಸಿಗೆ ಹೊತ್ತಾಯಿತು ಎಂದರೂ. ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ ಇರಲಿ, ಬಡ್ಡಿ ಸೇರಿದೆಯೇ ಇಲ್ಲವೇ ಎಂಬುದು ಒಂದು ವಾಕ್ಯವಾಗಿ ಬರಲಿ. ಕೊಡುವ ಗಡುವು ದಿನಗಳಲ್ಲಿ ಬರಲಿ, ‘ಶೀಘ್ರವಾಗಿ’ ಎಂದಲ್ಲ. ಗಡುವು ಮೀರಿದರೆ ಯಾವ ದಿನದಿಂದ ಎಷ್ಟು ಬಡ್ಡಿ ಎಂದು ಬರೆಯದ ಒಪ್ಪಂದಕ್ಕೆ ಹಲ್ಲಿಲ್ಲ. ಅದನ್ನು ಕನ್ನಡದಲ್ಲಿ ಓದಿ ಹೇಳಿದ್ದಾಗಿ, ಅರ್ಥವಾಗಿದೆ ಎಂದು ಅವರು ಹೇಳಿದ್ದಾಗಿ ಕೆಳಗೆ ಒಂದು ಸಾಲು, ಹೆಬ್ಬೆಟ್ಟು ಒತ್ತಿದ್ದರೆ ಗುರುತಿಸಿದವರ ಸಹಿ. ಮೊತ್ತ ನೇರ ಗಾಯಾಳುವಿನ ಬ್ಯಾಂಕ್ ಖಾತೆಗೆ ಹೋಗುವಂತೆ ಪಾಸ್‌ಬುಕ್ಕಿನ ಮೊದಲ ಪುಟದ ಪ್ರತಿ ಜೊತೆಗಿರಲಿ. ಜಂಟಿ ಖಾತೆಯಾಗಿದ್ದರೆ ಇನ್ನೊಬ್ಬರು ಯಾರೆಂದು ಕೇಳಿ. ಇದು ಮುಜುಗರದ ಪ್ರಶ್ನೆ, ಕೇಳಲೇಬೇಕು.

ಅಪ್ರಾಪ್ತರಿದ್ದರೆ ನಿಯಮ ಬೇರೆ. ಮಗುವಿನ ಪರವಾಗಿ ತಾಯಿಯೋ ತಂದೆಯೋ ರಾಜಿಗೆ ಒಪ್ಪಿದರೆ ಸಾಲದು, ಸಂಹಿತೆಯ 32ನೇ ಆದೇಶದ 7ನೇ ನಿಯಮದಂತೆ ಕೋರ್ಟಿನ ಅನುಮತಿ ಬೇಕು. ಅನುಮತಿ ಕೇಳುವ ಅರ್ಜಿ ಒಪ್ಪಂದದ ಜೊತೆಯೇ ಹೋಗಲಿ. ಮರೆತರೆ ಮುಂದೆ ಆ ಮಗು ದೊಡ್ಡದಾಗಿ ರಾಜಿಯನ್ನು ಒಪ್ಪುವುದಿಲ್ಲ ಎನ್ನಬಹುದು. ಮಗುವಿನ ಪಾಲು 18 ತುಂಬುವವರೆಗೆ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಾಗಿರಬೇಕು. ವಿಧವೆಗೆ, ಓದುಬರಹ ಬಾರದವರಿಗೆ ಬರುವ ಮೊತ್ತದ ಒಂದು ಭಾಗವನ್ನೂ ಹೀಗೆ ಠೇವಣಿ ಇಡಿಸುವ ಪದ್ಧತಿ 1993ರ ಸುಸಮ್ಮಾ ಥಾಮಸ್ ತೀರ್ಪಿನ ಕಾಲದಿಂದ ಗಟ್ಟಿಯಾಗಿದೆ. ಇದರಲ್ಲಿ ಕೆಲವರಿಗೆ ಸಿಟ್ಟು ಬರುತ್ತದೆ, ‘ನಮ್ಮ ದುಡ್ಡು ನಮಗೆ ಕೊಡಲ್ವಾ’ ಎನ್ನುತ್ತಾರೆ. ಅವರ ಸಿಟ್ಟಿನಲ್ಲಿ ನ್ಯಾಯವೂ ಇದೆ. ಆಸ್ಪತ್ರೆಗೆಂದು ಮಾಡಿದ ಕೈಸಾಲ ಇದ್ದರೆ ಅದರ ಮೊತ್ತ ಕೇಳಿ, ಅಷ್ಟನ್ನು ಮೊದಲೇ ಬಿಡುಗಡೆ ಮಾಡುವಂತೆ ಒಪ್ಪಂದದಲ್ಲೇ ಬರೆಯಿಸಿದರೆ ಆಮೇಲೆ ಬಿಡುಗಡೆ ಅರ್ಜಿ ಹಿಡಿದು ಕೋರ್ಟಿಗೆ ಅಲೆಯುವುದು ತಪ್ಪುತ್ತದೆ.

ರಾಜಿ ಆಗದಿದ್ದರೆ ವರದಿ ಎರಡೇ ಪದ: ‘ಮಧ್ಯಸ್ಥಿಕೆ ವಿಫಲ’. ಯಾಕೆ ವಿಫಲ, ಯಾರು ಎಷ್ಟು ಹೇಳಿದರು, ಯಾರ ಹಟ ಎಂಬ ಒಂದಕ್ಷರವೂ ಅದರಲ್ಲಿ ಇರಬಾರದು ಎಂದು ಸುಪ್ರೀಂ ಕೋರ್ಟ್ 2010ರ ಮೋತಿರಾಮ್ ತೀರ್ಪಿನಲ್ಲಿ ಹೇಳಿದೆ. ತೀರ್ಪಿಗೆ ಕಾರಣ ಬರೆದು ಬರೆದು ರೂಢಿಯಾದವರಿಗೆ ಈ ಎರಡು ಪದದ ವರದಿ ವಿಚಿತ್ರ ಸಂಕಟ. ‘ಕಂಪನಿ ನ್ಯಾಯಯುತ ಮೊತ್ತ ಹೇಳಿದರೂ ಅರ್ಜಿದಾರರು ಒಪ್ಪಲಿಲ್ಲ’ ಎಂದು ಬರೆದರೆ ಮುಂದಿನ ನ್ಯಾಯಾಧೀಶರಿಗೆ ಒಂದು ತೀರ್ಪನ್ನು ಕಿವಿಯಲ್ಲಿ ಹೇಳಿಕೊಟ್ಟಂತೆ. ಎರಡು ಕಾಲಮಿನ ಆ ಹಾಳೆಯನ್ನೂ ಫೈಲಿಗೆ ಸೇರಿಸುವಂತಿಲ್ಲ. ಅವರವರ ಪ್ರತಿ ಅವರವರು ಒಯ್ಯಲಿ, ಮಧ್ಯಸ್ಥಿಕೆದಾರರ ಪ್ರತಿಯನ್ನು ಅಲ್ಲೇ ಹರಿದುಹಾಕಬೇಕು.